ಜಾಡಿಯ ಮೀನು, ತೊರೆಯ ಮೀನು

ಕಳೆದ ಮಳೆಗಾಲದಲ್ಲಿ ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದ ಕರಡು ಮೇಡಂ ಅವರ ಮೇಜಿನಿಂದ ವಾಪಸು ಬಂತು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದ ಹೊಳೆಗಳಲ್ಲಿ ಮೀನು ಹಿಡಿದವರು, ಮೀನುಮರಿ ಬಿಟ್ಟವರು, ಅದಕ್ಕೆ ಕಾನೂನು ಬರೆದವರು, ಇವರ ಚರಿತ್ರೆ ನನ್ನ ವಿಷಯ. ನಲವತ್ತು ಪುಟದ ಕರಡಿನಲ್ಲಿ ಕೆಂಪು ಶಾಯಿ ಹೆಚ್ಚೇನೂ ಇರಲಿಲ್ಲ. ಆದರೆ ‘ಮಹಶೀರ್’ ಎಂಬ ಪದ ಬಂದಲ್ಲೆಲ್ಲ ಅಡಿಗೆರೆ ಎಳೆದು, ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ಯಾವುದು?

ನನಗೆ ಸ್ವಲ್ಪ ಸಿಟ್ಟೇ ಬಂತು. ನಾನು ಇತಿಹಾಸದ ವಿದ್ಯಾರ್ಥಿನಿ. ಮೀನಿನ ಹುರುಪೆ ಎಣಿಸುವುದು ನನ್ನ ಕೆಲಸವೆಂದು ಯಾವತ್ತೂ ಅಂದುಕೊಂಡಿರಲಿಲ್ಲ. “ಕಡತದಲ್ಲಿ ಹಾಗೇ ಇದೆ ಮೇಡಂ, ಮಹಶೀರ್ ಅಂತಷ್ಟೇ” ಅಂದೆ. “ಕಡತ ಬರೆದವನಿಗೆ ಗೊತ್ತಿತ್ತು ಅಂತ ನಿನಗೆ ಯಾರಮ್ಮ ಹೇಳಿದ್ದು?” ಎಂದು ಕೇಳಿ ಕನ್ನಡಕ ತೆಗೆದಿಟ್ಟರು. ಆಮೇಲೆ, “ಹೋಗಿ ಕೊಲರಾಡೋದ ಟ್ರೌಟ್ ಕಥೆ ಓದಿಕೊಂಡು ಬಾ. ಅದು ಇತಿಹಾಸದ ಕಥೆಯೇ, ಹೆದರಬೇಡ” ಅಂದರು.

ಓದಲು ಕೂತವಳಿಗೆ ಎರಡು ತಿಂಗಳು ಬೇರೇನೂ ಬೇಡವಾಯಿತು.

ಅಮೆರಿಕದ ಕೊಲರಾಡೋ ರಾಜ್ಯದ ನಡುವೆ ರಾಕಿ ಪರ್ವತಗಳ ಬೆನ್ನೆಲುಬು ಹಾದುಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದೇ ಬೆಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೂ ಇನ್ನೊಂದು ಮಗ್ಗುಲಿನದು ಬಂಗಾಳ ಕೊಲ್ಲಿಗೂ ಹೋಗುತ್ತದಲ್ಲ, ಅಲ್ಲಿಯೂ ಹಾಗೆಯೇ. ಪಶ್ಚಿಮಕ್ಕೆ ಇಳಿದ ನೀರು ಕೊಲರಾಡೋ ನದಿಯನ್ನು ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಸೌತ್ ಪ್ಲಾಟ್ ಮತ್ತು ಅರ್ಕನ್ಸಾ ನದಿಗಳಾಗಿ ಬಯಲಿಗೆ ಹೋಗುತ್ತದೆ. ಈ ತಣ್ಣನೆಯ ತೊರೆಗಳ ಮೂಲನಿವಾಸಿ ಕಟ್‌ತ್ರೋಟ್ ಟ್ರೌಟ್. ದವಡೆಯ ಕೆಳಗೆ, ಕತ್ತು ಕೊಯ್ದಂತೆ ಎರಡು ಕೆಂಪು ಗೀರು ಇರುವುದರಿಂದ ಆ ಹೆಸರು. ಲೂಯಿಸ್ ಮತ್ತು ಕ್ಲಾರ್ಕ್ ದಂಡಯಾತ್ರೆಯವರು 1805ರಲ್ಲಿ ಮಿಸ್ಸೂರಿ ನದಿಯ ಜಲಪಾತಗಳ ಬಳಿ ಈ ಜಾತಿಯ ಮೀನು ಹಿಡಿದು ತಿಂದರು. ಆ ಕ್ಲಾರ್ಕನ ಹೆಸರೇ ಜಾತಿಗೆ ನಿಂತಿತು: ಆಂಕೊರಿಂಕಸ್ ಕ್ಲಾರ್ಕಿ.

ಟ್ರೌಟ್ ಬೆಟ್ಟ ಹತ್ತಿ ಇಳಿಯುವ ಪ್ರಾಣಿಯಲ್ಲ. ಒಂದು ಕಣಿವೆಯ ಮೀನು ಪಕ್ಕದ ಕಣಿವೆಯನ್ನು ಕಾಣದೆ ಸಾವಿರಾರು ವರ್ಷ ಬದುಕುತ್ತದೆ. ಹಾಗಾಗಿ ಒಂದೊಂದು ನದೀಪಾತ್ರದಲ್ಲೂ ಕಟ್‌ತ್ರೋಟ್ ತನ್ನದೇ ದಾರಿ ಹಿಡಿದು ಬೇರೆ ಬೇರೆ ಉಪಜಾತಿಯಾಯಿತು. ಪಶ್ಚಿಮದ್ದು ಕೊಲರಾಡೋ ರಿವರ್ ಕಟ್‌ತ್ರೋಟ್. ಪೂರ್ವದ್ದು ಗ್ರೀನ್‌ಬ್ಯಾಕ್, ಎಂದರೆ ಹಸಿರು ಬೆನ್ನಿನದು. ಇದಕ್ಕೆ 1870ರ ದಶಕದ ಆರಂಭದಲ್ಲಿ ‘ಸ್ಟೋಮಿಯಾಸ್’ ಎಂಬ ವೈಜ್ಞಾನಿಕ ಹೆಸರಿಟ್ಟವನು ಎಡ್ವರ್ಡ್ ಡ್ರಿಂಕರ್ ಕೋಪ್, ಡೈನೋಸಾರ್ ಮೂಳೆಗಳಿಗಾಗಿ ಜಗಳವಾಡಿ ಹೆಸರಾದ ಅದೇ ಕೋಪ್. ಎರಡೂ ಮೀನುಗಳನ್ನು ಅಕ್ಕಪಕ್ಕ ಇಟ್ಟರೆ ಸಾಮಾನ್ಯರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಗ್ರೀನ್‌ಬ್ಯಾಕಿನ ಚುಕ್ಕೆ ಸ್ವಲ್ಪ ದೊಡ್ಡದು, ಮೈಯ ಹುರುಪೆಗಳ ಸಂಖ್ಯೆ ಸ್ವಲ್ಪ ಹೆಚ್ಚು. ಅದೂ ಸರಾಸರಿ ಲೆಕ್ಕದಲ್ಲಿ. ಒಂದೊಂದೇ ಮೀನು ಹಿಡಿದು ನೋಡಿದರೆ ತಜ್ಞರೂ ತಡವರಿಸುತ್ತಾರೆ. ಮುಂದಿನ ಅವಾಂತರಕ್ಕೆಲ್ಲ ಇದೇ ಮೂಲ.

1859ರ ಹೊತ್ತಿಗೆ ಕೊಲರಾಡೋದಲ್ಲಿ ಚಿನ್ನವಿದೆ ಎಂಬ ಸುದ್ದಿ ಹಬ್ಬಿ ಜನ ನುಗ್ಗಿದರು. ಗಣಿಯ ಕೊಚ್ಚೆ ತೊರೆಗೆ ಬಂತು, ಹೊಲಗಳಿಗೆಂದು ನೀರು ತಿರುಗಿತು, ಗಣಿಗಾರರ ಊಟಕ್ಕೆ ಟ್ರೌಟ್ ಗಾಡಿಗಟ್ಟಲೆ ಮಾರಾಟವಾಯಿತು. ಒಂದೇ ತಲೆಮಾರಿನಲ್ಲಿ ಹೊಳೆಗಳು ಬರಿದಾದವು. ಇದು ಎಲ್ಲ ಕಡೆಯ ಕಥೆ. ವಿಶೇಷವಿರುವುದು ಬರಿದಾದ ಮೇಲೆ ಅವರು ಮಾಡಿದ್ದರಲ್ಲಿ.

ಅಮೆರಿಕದ ಕೇಂದ್ರ ಸರ್ಕಾರ 1871ರಲ್ಲಿ ಮೀನುಗಾರಿಕೆಗೆಂದೇ ಒಂದು ಆಯೋಗ ಸ್ಥಾಪಿಸಿತ್ತು. ಮೀನು ಕಡಿಮೆಯಾದರೆ ಹ್ಯಾಚರಿ ಕಟ್ಟಿ, ಮೊಟ್ಟೆ ಒಡೆಸಿ, ಮರಿ ಮಾಡಿ ಬಿಟ್ಟರಾಯಿತು ಎಂಬುದು ಆ ಕಾಲದ ನಂಬಿಕೆ. ನಮ್ಮ ಇಲಾಖೆಯ ಭಾಷೆಯಲ್ಲಿ ‘ಬಿತ್ತನೆ’. ಈ ಪದ ನನಗೆ ಇಷ್ಟ, ಸ್ವಲ್ಪ ಭಯವೂ ಹೌದು. ಬಿತ್ತುವವನು ಹೊಲ ಖಾಲಿ ಇದೆ ಎಂದುಕೊಂಡಿರುತ್ತಾನೆ. ಹಾಲಿನ ಕ್ಯಾನುಗಳಲ್ಲಿ ಮೀನುಮರಿ ತುಂಬಿ ರೈಲಿನಲ್ಲಿ ಸಾಗಿಸಿದರು. ಅದಕ್ಕೆಂದೇ ವಿಶೇಷ ಬೋಗಿಗಳಿದ್ದವು. ಪೂರ್ವ ಅಮೆರಿಕದಿಂದ ಬ್ರೂಕ್ ಟ್ರೌಟ್ ಬಂತು, ಕ್ಯಾಲಿಫೋರ್ನಿಯಾದಿಂದ ರೇನ್‌ಬೋ, 1880ರ ದಶಕದಲ್ಲಿ ಯುರೋಪಿನಿಂದ ಬ್ರೌನ್. 1889ರಲ್ಲಿ ಕೊಲರಾಡೋದ ಲೆಡ್‌ವಿಲ್‌ನಲ್ಲಿ ಕೇಂದ್ರ ಸರ್ಕಾರದ ಹ್ಯಾಚರಿ ಆರಂಭವಾಯಿತು. 1885ರಿಂದ 1953ರವರೆಗಿನ ದಾಖಲೆಗಳನ್ನು ಮುಂದೆ ಒಬ್ಬರು ಕೂತು ಎಣಿಸಿದರು. ಆ ರಾಜ್ಯವೊಂದರಲ್ಲೇ 41,014 ಬಿತ್ತನೆಗಳು, 75 ಕೋಟಿಗೂ ಹೆಚ್ಚು ಮೀನು.

ಹೊರಗಿನಿಂದ ಬಂದವು ಮಾಡಿದ್ದೇನು ಎಂಬುದು ಜೀವಶಾಸ್ತ್ರದ ಪಾಠಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಕಟ್‌ತ್ರೋಟ್ ಮೊಟ್ಟೆಯಿಡುವುದು ಹಿಮ ಕರಗಿ ನೀರು ತುಸು ಬೆಚ್ಚಗಾದಾಗ, ವಸಂತ ಕಳೆಯುವ ಹೊತ್ತಿಗೆ. ಹೆಣ್ಣು ಬಾಲದಿಂದ ಜಲ್ಲಿ ಕೆದರಿ ಗುಳಿ ಮಾಡಿ ಮೊಟ್ಟೆಯಿಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಜಲ್ಲಿಯ ಸಂದುಗಳಲ್ಲಿ ತಿಳಿನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಉಸಿರು. ಮಣ್ಣು ಬಂದು ಕೂತರೆ ಎಲ್ಲ ಮುಗಿಯಿತು. ಎತ್ತರದ ತೊರೆಗಳಲ್ಲಿ ಮರಿಗಳು ಜಲ್ಲಿಯಿಂದ ಮೇಲೆ ಬರುವಾಗ ಬೇಸಿಗೆಯೇ ಮುಗಿಯುತ್ತ ಬಂದಿರುತ್ತದೆ. ಬ್ರೂಕ್ ಟ್ರೌಟ್ ಹಾಗಲ್ಲ. ಅದು ಚಳಿಗಾಲಕ್ಕೆ ಮುಂಚೆಯೇ ಮೊಟ್ಟೆಯಿಡುತ್ತದೆ, ಮರಿಗಳು ವಸಂತದ ಆರಂಭಕ್ಕೇ ಈಜುತ್ತಿರುತ್ತವೆ. ಕಟ್‌ತ್ರೋಟಿನ ಮರಿ ಕಣ್ಣು ಬಿಡುವಾಗ ಬ್ರೂಕ್ ಮರಿ ಗಾತ್ರದಲ್ಲೂ ಹಸಿವಿನಲ್ಲೂ ಅದರ ಅಣ್ಣ. ರೇನ್‌ಬೋ ಮಾಡಿದ್ದು ಇನ್ನೊಂದು ಬಗೆಯ ನಾಶ. ಅದು ಕಟ್‌ತ್ರೋಟಿನೊಂದಿಗೆ ಕೂಡುತ್ತದೆ, ಹುಟ್ಟಿದ ಮಿಶ್ರ ಸಂತಾನವೂ ಮರಿ ಹಾಕುತ್ತದೆ. ಕೆಲವು ತಲೆಮಾರು ಕಳೆದರೆ ಹೊಳೆ ತುಂಬ ಮೀನಿರುತ್ತದೆ, ಮೊದಲಿದ್ದದ್ದು ಮಾತ್ರ ಇರುವುದಿಲ್ಲ.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದ ಮೂರನೆಯ ಸಂಗತಿಯೊಂದಿತ್ತು. ಹ್ಯಾಚರಿಯವರು ಹೊರಗಿನ ಮೀನಷ್ಟನ್ನೇ ಅಲ್ಲ, ‘ನಮ್ಮದೇ’ ಕಟ್‌ತ್ರೋಟ್ ಅನ್ನೂ ಬಿತ್ತಿದ್ದರು. ಪೂರ್ವದ ತೊರೆಗಳಲ್ಲಿ ಮೊಟ್ಟೆ ಸಿಗದಾದಾಗ ಇನ್ನೂ ಮೀನಿದ್ದ ಪಶ್ಚಿಮದ ಕೆರೆಗಳಿಂದ, ಟ್ರ್ಯಾಪರ್ಸ್ ಲೇಕ್‌ನಂಥ ಕಡೆಗಳಿಂದ, ಮೊಟ್ಟೆ ತಂದು ಮರಿ ಮಾಡಿ ಬೆಟ್ಟದ ಈಚೆಗೆ ಬಿಟ್ಟರು. ಅವರ ರಿಜಿಸ್ಟರಿನಲ್ಲಿ ಅದು ಬರೀ ‘ಸ್ಥಳೀಯ ಟ್ರೌಟ್’. ಅವರ ದೃಷ್ಟಿಯಲ್ಲಿ ತಪ್ಪೇನಿರಲಿಲ್ಲ. ಕೆಂಪು ಗೀರಿತ್ತು, ಚುಕ್ಕೆಯಿತ್ತು, ಅದೇ ರಾಜ್ಯದ ಮೀನು.

1937ರಲ್ಲಿ ಗ್ರೀನ್‌ಬ್ಯಾಕ್ ಅಳಿದುಹೋಗಿದೆ ಎಂದು ಬರೆದುಬಿಟ್ಟರು. ಇಪ್ಪತ್ತು ವರ್ಷ ಕಳೆದು 1957ರಲ್ಲಿ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದೊಳಗೆ, ಬಿಗ್ ಥಾಂಪ್ಸನ್ ನದಿಯ ಮೇಲ್ಭಾಗದಲ್ಲಿ ಅದು ಮತ್ತೆ ಸಿಕ್ಕಿತು. ಸಿಕ್ಕಿತು ಎಂದು ಎಲ್ಲರೂ ನಂಬಿದರು. ಆಮೇಲಿನ ವರ್ಷಗಳಲ್ಲಿ ಇನ್ನೂ ಕೆಲವು ತೊರೆಗಳಲ್ಲಿ ಕಂಡಿತು. ಟ್ರೌಟ್‌ಗಳ ಬಗ್ಗೆ ಅಧಿಕಾರವಾಣಿಯಂತಿದ್ದ ರಾಬರ್ಟ್ ಬೆಂಕಿ ಹುರುಪೆ, ಚುಕ್ಕೆ ಎಣಿಸಿ ಕೆಲವನ್ನು ಒಪ್ಪಿದರು. 1973ರ ಅಳಿವಿನಂಚಿನ ಜೀವಿಗಳ ಕಾಯಿದೆ ಬಂದಾಗ ಗ್ರೀನ್‌ಬ್ಯಾಕ್ ಪಟ್ಟಿಯಲ್ಲಿತ್ತು. 1978ಕ್ಕೆ ಅಪಾಯದ ದರ್ಜೆ ಒಂದು ಮೆಟ್ಟಿಲು ಇಳಿಯಿತು. ಸಂರಕ್ಷಣೆಯ ಕೆಲಸ ಭರದಿಂದ ನಡೆಯಿತು. ಒಂದು ತೊರೆ ಆರಿಸಿ, ಅದರಲ್ಲಿದ್ದ ಪರದೇಶಿ ಮೀನುಗಳನ್ನು ವಿಷ ಹಾಕಿ ಕೊಂದು, ಖಾಲಿಯಾದ ನೀರಿಗೆ ಹ್ಯಾಚರಿಯಲ್ಲಿ ಬೆಳೆಸಿದ ಗ್ರೀನ್‌ಬ್ಯಾಕ್ ಬಿಡುವುದು. ಮೀನು ಉಳಿಸಲು ಮೀನು ಕೊಲ್ಲುವ ಈ ಕ್ರಮ ಕೇಳಲು ಕಟುವಾಗಿದೆ. ಆದರೆ ಬ್ರೂಕ್ ಟ್ರೌಟ್ ಇರುವ ತೊರೆಯಲ್ಲಿ ಬೇರೆ ದಾರಿ ಕಡಿಮೆ. 1994ರಲ್ಲಿ ಗ್ರೀನ್‌ಬ್ಯಾಕ್ ಕೊಲರಾಡೋದ ರಾಜ್ಯಮೀನಾಯಿತು. ಶಾಲಾ ಮಕ್ಕಳು ಅದರ ಚಿತ್ರ ಬರೆದರು. ಹೊಸ ಶತಮಾನದ ಹೊತ್ತಿಗೆ ಪಟ್ಟಿಯಿಂದಲೇ ತೆಗೆಯಬಹುದೇನೋ ಎಂಬ ಮಾತು ನಡೆದಿತ್ತು.

2007ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದ್ದ ಜೆಸ್ಸಿಕಾ ಮೆಟ್‌ಕಾಫ್, ಆಂಡ್ರೂ ಮಾರ್ಟಿನ್ ಮತ್ತು ಸಂಗಡಿಗರ ಒಂದು ಲೇಖನ ಬಂತು. ಅಚ್ಚ ಗ್ರೀನ್‌ಬ್ಯಾಕ್ ಎಂದು ಕಾಪಾಡಿಕೊಂಡು ಬಂದ ಒಂಬತ್ತು ಗುಂಪುಗಳ ಡಿಎನ್ಎ ಪರೀಕ್ಷಿಸಿದರೆ ಐದು ಗುಂಪು ಗ್ರೀನ್‌ಬ್ಯಾಕೇ ಅಲ್ಲ, ಬೆಟ್ಟದ ಆಚೆಯ ಕೊಲರಾಡೋ ರಿವರ್ ಕಟ್‌ತ್ರೋಟ್. ಮೂವತ್ತು ವರ್ಷ ವಿಷ ಹಾಕಿ, ಬೆನ್ನ ಮೇಲೆ ಮರಿ ಹೊತ್ತು, ಹತ್ತು ಸಾವಿರ ಅಡಿಯ ತೊರೆಗಳಿಗೆ ನಡೆದುಹೋಗಿ ಬಿಟ್ಟದ್ದು ಬಹುಪಾಲು ಪಕ್ಕದ ಕಣಿವೆಯ ಮೀನನ್ನು.

ನಾನು ಈ ಲೇಖನ ಓದಿದ ರಾತ್ರಿ ಆ ವಿಜ್ಞಾನಿಗಳ ಬಗ್ಗೆ ಯೋಚಿಸಲಿಲ್ಲ. ಮರಿ ಹೊತ್ತವರ ಬಗ್ಗೆ ಯೋಚಿಸಿದೆ. ಅವರಲ್ಲಿ ಕೆಲವರು ಅಷ್ಟು ಹೊತ್ತಿಗೆ ನಿವೃತ್ತರಾಗಿರಬೇಕು.

ಆದರೂ ಪ್ರಶ್ನೆ ಅರ್ಧದಲ್ಲಿ ನಿಂತಿತ್ತು. ಈಗಿರುವ ಮೀನುಗಳು ಒಂದಕ್ಕೊಂದು ಬೇರೆ ಎಂದು ಡಿಎನ್ಎ ಹೇಳಬಹುದು. ಆದರೆ ಯಾವುದು ಮೂಲತಃ ಯಾವ ತೊರೆಯದು ಎಂದು ಹೇಗೆ ಹೇಳುವುದು? ಎಪ್ಪತ್ತೈದು ಕೋಟಿ ಮೀನು ಸುರಿದ ಮೇಲೆ ಇಂದಿನ ಯಾವ ತೊರೆಯೂ ಸಾಕ್ಷಿಗೆ ನಿಲ್ಲುವುದಿಲ್ಲ. ಬಿತ್ತನೆಗೆ ಮೊದಲು ಅಲ್ಲಿದ್ದ ಮೀನೇ ಬಂದು ಸಾಕ್ಷಿ ಹೇಳಬೇಕು.

ಅಂಥ ಮೀನುಗಳಿದ್ದವು, ಜಾಡಿಗಳಲ್ಲಿ. 1857ರಿಂದ 1889ರವರೆಗೆ ಪಶ್ಚಿಮಕ್ಕೆ ಹೋದ ಸೈನ್ಯದ ವೈದ್ಯರು, ಸರ್ವೆಯವರು, ಪ್ರಕೃತಿಶಾಸ್ತ್ರಜ್ಞರು ಹಿಡಿದು, ಸ್ಪಿರಿಟ್ಟಿನಲ್ಲಿ ಅದ್ದಿ ಪೂರ್ವದ ಮ್ಯೂಸಿಯಂಗಳಿಗೆ ಕಳಿಸಿದ ಟ್ರೌಟ್‌ಗಳು. ಕೊನೆಯ ವರ್ಷದ ಸಂಗ್ರಾಹಕ ಡೇವಿಡ್ ಸ್ಟಾರ್ ಜೋರ್ಡನ್. 1889ರ ಬೇಸಿಗೆಯಲ್ಲಿ ಕೊಲರಾಡೋ ಸುತ್ತಿ, ಟ್ವಿನ್ ಲೇಕ್ಸ್ ಎಂಬ ಅವಳಿ ಕೆರೆಗಳಿಂದ ಹಳದಿ ರೆಕ್ಕೆಯ ಒಂದು ಕಟ್‌ತ್ರೋಟ್ ಹಿಡಿದು ಅದಕ್ಕೂ ಹೆಸರಿಟ್ಟ. ಅದು ಮುಂದಿನ ಹದಿನೈದು ವರ್ಷಗಳೊಳಗೆ ಕಾಣೆಯಾಯಿತು. ಈ ಜೋರ್ಡನ್ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷನಾದ, ಮನುಷ್ಯರಲ್ಲೂ ತಳಿಶುದ್ಧಿ ಬೇಕೆಂದು ಪ್ರಚಾರ ಮಾಡಿದ. ಅದಕ್ಕಾಗಿಯೇ 2020ರಲ್ಲಿ ಅಲ್ಲಿನ ಒಂದು ಕಟ್ಟಡದಿಂದ ಅವನ ಹೆಸರು ತೆಗೆದರು. ಇಂಥವನ ಜಾಡಿಯನ್ನು ಮೀನುಗಳ ಶುದ್ಧಿ ತಿಳಿಯಲು ತೆರೆಯಬೇಕಾಗಿ ಬಂತು ಎನ್ನುವಾಗ ನನಗೆ ಒಂದು ಬಗೆಯ ಕಸಿವಿಸಿ ಆಗುತ್ತದೆ. ಆದರೆ ಜಾಡಿಯ ತಪ್ಪೇನಿಲ್ಲ.

ಇಲ್ಲೊಂದು ಅದೃಷ್ಟವನ್ನು ಹೇಳಲೇಬೇಕು. ಜೀವಿಗಳನ್ನು ಕೆಡದಂತೆ ಇಡಲು ಫಾರ್ಮಾಲಿನ್ ಬಳಕೆಗೆ ಬಂದದ್ದು 1893ರಿಂದ ಈಚೆಗೆ. ಅದು ಅಗ್ಗ, ಮೀನಿನ ಆಕಾರವೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಡಿಎನ್ಎಯನ್ನು ಹಾಳುಮಾಡುತ್ತದೆ. ಅದಕ್ಕೆ ಮೊದಲಿನವರ ಬಳಿ ಇದ್ದದ್ದು ಮದ್ಯಸಾರ ಮಾತ್ರ. ಆ ಮೀನುಗಳು ಕೆಲವು ವರ್ಷ ತಡವಾಗಿ ಬಲೆಗೆ ಬಿದ್ದಿದ್ದರೆ ಇಂದು ಬಾಯಿಬಿಡುತ್ತಿರಲಿಲ್ಲ. ಹಾಗೆಂದು ಕೆಲಸ ಸುಲಭವೂ ಆಗಿರಲಿಲ್ಲ. ನೂರೈವತ್ತು ವರ್ಷ ಹಳೆಯ ಡಿಎನ್ಎ ಚೂರುಚೂರಾಗಿರುತ್ತದೆ. ಮುಟ್ಟಿದವರ, ಪಕ್ಕದ ಮೀನಿನ ಡಿಎನ್ಎ ಬೆರೆಯುವ ಭಯ ಬೇರೆ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್ಎ ತುಣುಕುಗಳನ್ನು ಕೊಲರಾಡೋದಲ್ಲೂ ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಪುರಾತನ ಡಿಎನ್ಎ ಪ್ರಯೋಗಾಲಯದಲ್ಲೂ ಪರೀಕ್ಷಿಸಿ ತಾಳೆ ನೋಡಿದರು.

ಜಾಡಿಯೊಂದಿಗೆ ಕಾಗದವೂ ಬೇಕಿತ್ತು, ಮತ್ತು ಮೇಡಂ ನನ್ನನ್ನು ಈ ಕಥೆಗೆ ಕಳಿಸಿದ್ದು ಈ ಭಾಗಕ್ಕಾಗಿ ಎಂದು ನನ್ನ ಊಹೆ. ಯಾವ ತೊರೆಗೆ, ಯಾವ ವರ್ಷ, ಯಾವ ಕೆರೆಯ ಮೊಟ್ಟೆಯ ಮರಿ, ಎಷ್ಟು ಬಿಟ್ಟರು ಎಂಬುದನ್ನು ಕೇಂದ್ರ ವನ್ಯಜೀವಿ ಇಲಾಖೆಯ ಮೀನುತಜ್ಞ ಕ್ರಿಸ್ ಕೆನಡಿ ಹಳೆಯ ವರದಿಗಳಿಂದ, ಹ್ಯಾಚರಿ ದಾಖಲೆಗಳಿಂದ ಒಂದೊಂದಾಗಿ ಹೆಕ್ಕಿದರು. ಮೊದಲು ಹೇಳಿದ 41,014 ಎಂಬ ಲೆಕ್ಕ ಈ ದುಡಿಮೆಯದು. ನಾನೂ ಅಂಥ ಕೋಷ್ಟಕಗಳನ್ನು ನೋಡಿದ್ದೇನೆ. ದಿನಾಂಕ, ಸ್ಥಳ, ಸಂಖ್ಯೆ, ಷರಾ. ಮಧ್ಯಾಹ್ನದ ಊಟವಾದ ಮೇಲೆ ದಾಖಲೆ ಕೋಣೆಯ ಫ್ಯಾನಿನ ಕೆಳಗೆ ಅವನ್ನು ಓದುವುದೆಂದರೆ ನಿದ್ದೆಗೆ ಆಹ್ವಾನ. ಎಷ್ಟೋ ಪುಟಗಳನ್ನು ‘ಅಂಕಿಅಂಶ, ಅನಗತ್ಯ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ದಾಟಿದ್ದೇನೆ.

2012ರಲ್ಲಿ ಫಲಿತಾಂಶ ಪ್ರಕಟವಾಯಿತು. ದಕ್ಷಿಣ ರಾಕಿ ಪರ್ವತಗಳಲ್ಲಿ ಮೂಲತಃ ಆರು ಬೇರೆ ಬೇರೆ ಕಟ್‌ತ್ರೋಟ್ ವಂಶಗಳಿದ್ದವು. 2007ರಲ್ಲಿ ‘ನಿಜವಾದ ಗ್ರೀನ್‌ಬ್ಯಾಕ್’ ಎಂದು ಪಾಸಾಗಿದ್ದ ಗುಂಪುಗಳಲ್ಲೂ ಒಂದನ್ನು ಬಿಟ್ಟು ಉಳಿದವು ಸೌತ್ ಪ್ಲಾಟ್ ನದಿಯ ಹಳೆಯ ಮೀನಿಗೆ ಹೊಂದಲಿಲ್ಲ. ಹೊಂದಿದ್ದು ಬೇರ್ ಕ್ರೀಕ್ ಎಂಬ ತೊರೆಯ ಸುಮಾರು ನಾಲ್ಕು ಮೈಲಿ ಉದ್ದದ ನೀರಿನಲ್ಲಿದ್ದ ಕೆಲವೇ ನೂರು ಮೀನು.

ಆ ಬೇರ್ ಕ್ರೀಕ್ ಸೌತ್ ಪ್ಲಾಟ್ ನದೀಪಾತ್ರದಲ್ಲೇ ಇಲ್ಲ. ಅದು ಕೊಲರಾಡೋ ಸ್ಪ್ರಿಂಗ್ಸ್ ಊರಿನ ಪಕ್ಕ, ಅರ್ಕನ್ಸಾ ನದಿಯ ಕಡೆ ಹರಿಯುವ ತೊರೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಜೆ. ಸಿ. ಜೋನ್ಸ್ ಎಂಬ ಹೋಟೆಲಿನವನು ಅಲ್ಲಿ ಜಮೀನು ಹಿಡಿದಿದ್ದ. ಪೈಕ್ಸ್ ಪೀಕ್ ಶಿಖರ ಹತ್ತುವ ಪ್ರವಾಸಿಗರು ತನ್ನ ದಾರಿಯಲ್ಲಿ ಬರಲಿ, ಮೀನು ಹಿಡಿದು ಖುಷಿಪಡಲಿ ಎಂದು ಎಲ್ಲಿಂದಲೋ ಟ್ರೌಟ್ ತಂದು ಕೊಳದಲ್ಲಿ ಬಿಟ್ಟ. ಕೊಳದ ಮೀನು ತೊರೆ ಸೇರಿತು. ಇಂದಿನ ಯಾವ ನಿಯಮದ ಪ್ರಕಾರವೂ ಅವನು ಮಾಡಿದ್ದು ಅಪರಾಧ. ಒಂದು ನದಿಯ ಮೀನನ್ನು ಇನ್ನೊಂದು ನದಿಗೆ ಒಯ್ದು ಸುರಿದ. ಸರ್ಕಾರ, ವಿಜ್ಞಾನ, ಕಾಯಿದೆ ಎಲ್ಲ ಸೇರಿ ಕಳೆದುಕೊಂಡ ಮೀನು ಉಳಿದದ್ದು ಈ ಒಂದು ವ್ಯಾಪಾರಿ ಬುದ್ಧಿಯಿಂದ. ಯಾರನ್ನು ಹೊಗಳುವುದು, ಯಾರನ್ನು ತೆಗಳುವುದು ಎಂದು ನಿರ್ಧರಿಸಲು ನನಗಂತೂ ಆಗಲಿಲ್ಲ.

ಗುರುತು ಸಿಕ್ಕಿದ್ದರಿಂದ ಬೇರ್ ಕ್ರೀಕ್ ಮೀನಿಗೆ ನೆಮ್ಮದಿಯೇನೂ ಸಿಗಲಿಲ್ಲ. ಅದೇ ಕಣಿವೆಯಲ್ಲಿ ಮೋಟರ್‌ಸೈಕಲ್ ಸವಾರರ ಜಾಡುಗಳಿದ್ದವು. ಚಕ್ರಗಳು ಸಡಿಲಿಸಿದ ಮಣ್ಣು ಮೊಟ್ಟೆಯಿಡುವ ಜಲ್ಲಿಯ ಮೇಲೆ ಬಂದು ಕೂರುತ್ತಿತ್ತು. 2012ರಲ್ಲೇ ವಿಷಯ ನ್ಯಾಯಾಲಯಕ್ಕೆ ಹೋಯಿತು. ಇನ್ನೊಂದು ಕಷ್ಟ ಒಳಗಿನದು. ಬೆರಳೆಣಿಕೆಯ ಮೀನುಗಳಿಂದ ಶುರುವಾದ ಕುಲ ನೂರು ವರ್ಷ ಒಂದೇ ತೊರೆಯಲ್ಲಿ ತಮ್ಮತಮ್ಮೊಳಗೇ ಕೂಡಿ ಬೆಳೆದಿತ್ತು. ಹ್ಯಾಚರಿಗೆ ತಂದು ಮೊಟ್ಟೆ ತೆಗೆದರೆ ಬಹಳಷ್ಟು ಒಡೆಯುತ್ತಿರಲಿಲ್ಲ, ಒಡೆದ ಮರಿಗಳಲ್ಲಿ ಅಂಗವಿಕಲತೆ. ಹಾಗೂ ಹೀಗೂ ಬೆಳೆಸಿದರು. ಬೆಳೆಸಿದ ಜಾಗಗಳಲ್ಲಿ ಲೆಡ್‌ವಿಲ್‌ನ ಅದೇ 1889ರ ಹ್ಯಾಚರಿಯೂ ಒಂದು. 2014ರ ಆಗಸ್ಟಿನಲ್ಲಿ ಸೌತ್ ಪ್ಲಾಟ್ ಸೀಮೆಯ ಜಿಮ್ಮರ್‌ಮನ್ ಕೆರೆಗೆ ಈ ಮರಿಗಳನ್ನು ಬಿಟ್ಟರು. 2016ರಿಂದ ಡೆನ್ವರ್ ಪಶ್ಚಿಮದ ಹರ್ಮನ್ ಗಲ್ಚ್ ತೊರೆಗೂ ಬಿಟ್ಟರು. ಅಲ್ಲಿ ಅವು ಮನುಷ್ಯರ ನೆರವಿಲ್ಲದೆ ಮರಿ ಮಾಡುತ್ತಿವೆ ಎಂದು 2022ರ ಸೆಪ್ಟೆಂಬರಿನಲ್ಲಿ ರಾಜ್ಯದ ವನ್ಯಜೀವಿ ಇಲಾಖೆ ಪ್ರಕಟಿಸಿತು. ಗ್ರೀನ್‌ಬ್ಯಾಕ್ ಹಾಗೆ ತನ್ನ ನದಿಯಲ್ಲಿ ತಾನಾಗಿ ಹುಟ್ಟುವುದನ್ನು ಕಾಣಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಇನ್ನೆರಡು ಜಾಡಿಗಳ ಸಂಗತಿಯೂ ಇದೆ. 1874ರಲ್ಲಿ ಚಾರ್ಲ್ಸ್ ಐಕನ್ ಎಂಬ ಪ್ರಕೃತಿಶಾಸ್ತ್ರಜ್ಞ ನೈಋತ್ಯ ಕೊಲರಾಡೋದ ಪಗೋಸಾ ಸ್ಪ್ರಿಂಗ್ಸ್ ಬಳಿ ಹಿಡಿದು ಸ್ಮಿತ್ಸೋನಿಯನ್‌ಗೆ ಕಳಿಸಿದ ಮೀನಿನ ವಂಶ ಅಳಿದಿದೆ ಎಂದೇ ತಿಳಿದಿದ್ದರು. ಆ ಸೀಮೆಯ ಕೆಲವು ಒಂಟಿ ತೊರೆಗಳಲ್ಲಿ ಅದು ಬದುಕಿದೆ ಎಂದು 2018ರಲ್ಲಿ ಖಚಿತವಾಯಿತು. ಇನ್ನೊಂದು ಹೇಡನ್ ಕ್ರೀಕ್‌ನದು. 2016ರ ಜುಲೈನಲ್ಲಿ ಕಾಡ್ಗಿಚ್ಚು ಆ ಕಣಿವೆಗೆ ಬಂದಾಗ ಸಿಬ್ಬಂದಿ ಬೆಂಕಿಯ ನಡುವೆ ಹೋಗಿ ಮೀನು ಹಿಡಿದು 158ನ್ನು ಹ್ಯಾಚರಿಗೆ ಸಾಗಿಸಿದರು. ಅವುಗಳ ಡಿಎನ್ಎ ಜೋರ್ಡನ್ 1889ರಲ್ಲಿ ಟ್ವಿನ್ ಲೇಕ್ಸ್‌ನಲ್ಲಿ ಹಿಡಿದ ಎರಡು ಮೀನುಗಳಿಗೆ ಹೊಂದುತ್ತದೆ. ಬೆಂಕಿಯ ನಂತರ ಬೂದಿ ತೊರೆಗೆ ಇಳಿದು ಅಲ್ಲಿ ಉಳಿದ ಮೀನೆಲ್ಲ ಸತ್ತವು. ಹೆಸರು ಗೊತ್ತಿಲ್ಲದಿದ್ದರೆ ಆ ಬೆಂಕಿಯೊಳಗೆ ಯಾರು ಹೋಗುತ್ತಿದ್ದರು?

ಇಷ್ಟನ್ನು ಓದಿ ನಾನು ಮತ್ತೆ ಕಾವೇರಿಗೆ ಬಂದೆ, ಏಕೆಂದರೆ ಮೇಡಂ ಕೇಳಿದ್ದು ಅದನ್ನು. ಟ್ರೌಟ್ ನಮ್ಮ ಮೀನಲ್ಲ. ನೀಲಗಿರಿಗೆ ಅದನ್ನು ತರಲು 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಯತ್ನಿಸಿ ಸೋತ. 20ನೇ ಶತಮಾನದ ಮೊದಲ ದಶಕದಲ್ಲಿ ಹೆಚ್. ಸಿ. ವಿಲ್ಸನ್ ರೇನ್‌ಬೋ ತಂದು ಗೆದ್ದ. ಬೇಟೆಗಾರ ದೊರೆಗಳಿಗೆ ಟ್ರೌಟ್ ಊರಿನ ನೆನಪು, ಮಹಶೀರ್ ಈ ನಾಡಿನ ಸವಾಲು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ್ದನ್ನು ಹಿಡಿದರು. ಲೋಕದ ಗಾಳಗಾರರೆಲ್ಲ ಕಾವೇರಿ ಕಣಿವೆಯ ಕಡೆ ನೋಡಿದ್ದು ಇಂಥ ಗೂನುಬೆನ್ನಿನ ಮಹಶೀರಿನಿಂದ. ಅಷ್ಟು ಪ್ರಸಿದ್ಧ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದಕ್ಕಿದ್ದು 2018ರಲ್ಲಿ! ಕೇರಳದಲ್ಲಿ ಕಾವೇರಿಯ ಉಪನದಿ ಪಾಂಬಾರ್‌ನಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ತೋರಿಸಿಕೊಟ್ಟರು. ಹೆಸರು ಸಿಕ್ಕ ವರ್ಷವೇ ಅದು ‘ತೀವ್ರ ಅಪಾಯದಲ್ಲಿರುವ’ ಪಟ್ಟಿ ಸೇರಿತು.

ಹೆಸರಿಲ್ಲದ ಆ ವರ್ಷಗಳಲ್ಲಿ ಆದದ್ದನ್ನು ಊಹಿಸಬಹುದು. 1970ರ ದಶಕದಿಂದ ಲೋನಾವಳದ ಹ್ಯಾಚರಿಯಲ್ಲಿ ಮಹಶೀರ್ ಮರಿ ಮಾಡುವ ಕೆಲಸ ಯಶಸ್ವಿಯಾಗಿ ನಡೆದಿತ್ತು. ಅಲ್ಲಿ ಬೆಳೆದದ್ದು ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರಿ. ಸೈಕ್ಸ್ 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯಿಂದ ವರ್ಣಿಸಿದ ಮೀನು, ಎಂದರೆ ಕೃಷ್ಣಾ ಸೀಮೆಯದು. ಅದರ ಮರಿಗಳು ಕಾವೇರಿಗೂ ಬಂದವು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡೋಣ. ಪದ ಒಂದೇ, ಉದ್ದೇಶ ಒಳ್ಳೆಯದೇ.

ಇಲ್ಲಿಯೂ ಗುಟ್ಟು ಹೊರಬಿದ್ದದ್ದು ಒಂದು ರಿಜಿಸ್ಟರಿನಿಂದ. ಕಾವೇರಿ ದಡದ ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕುವವರು ಮೀನು ಹಿಡಿದು, ತೂಗಿ, ಬರೆದು, ಮತ್ತೆ ನೀರಿಗೆ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಪಿಂಡರ್ ಮತ್ತು ಸಂಗಡಿಗರು ವಿಶ್ಲೇಷಿಸಿದರು. ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಹೆಚ್ಚು ಸಿಗುತ್ತ ಬಂದಿತ್ತು, ಗಾತ್ರ ಕಿರಿದಾಗುತ್ತ. ಗೂನುಬೆನ್ನಿನದು ಕಡಿಮೆ ಸಿಗುತ್ತ ಬಂದಿತ್ತು, ಗಾತ್ರ ಹಿರಿದಾಗುತ್ತ. ಗಾಳ ಹಿಡಿದವನಿಗೆ ಇದು ಸಂತೋಷದ ವಿಷಯ, ಹಿಂದಿನ ವರ್ಷಕ್ಕಿಂತ ಈ ಸಲ ದೊಡ್ಡ ಮೀನು. ಮರಿಗಳೇ ಹುಟ್ಟುತ್ತಿಲ್ಲ, ಇರುವ ಮುದಿ ಮೀನುಗಳು ಇನ್ನಷ್ಟು ಮುದಿಯಾಗುತ್ತಿವೆ ಎಂಬುದು ಆ ಸಂತೋಷದ ಅರ್ಥ. ಎರಡನ್ನೂ ಒಟ್ಟು ‘ಮಹಶೀರ್’ ಎಂದು ಕೂಡಿಸಿ ಬರೆದಿದ್ದರೆ ಕಾವೇರಿಯಲ್ಲಿ ಎಲ್ಲವೂ ಸುಭಿಕ್ಷವೆಂದೇ ಲೆಕ್ಕ ಹೇಳುತ್ತಿತ್ತು. ಶಿಬಿರದ ಯಾರೋ ಬಣ್ಣ ನೋಡಿ ಎರಡು ಕಾಲಮ್ಮು ಮಾಡಿ ಬರೆದಿಟ್ಟಿದ್ದರು.

ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನು ಶೃಂಗೇರಿಗೆ ಕರೆದುಕೊಂಡು ಹೋದಾಗಲೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿಸುತ್ತಿದ್ದಳು. “ಕೈ ಮುಗಿಯೇ, ದೇವರ ಮೀನು” ಅನ್ನುತ್ತಿದ್ದಳು. ಆ ಹೆಸರೇ ಎಷ್ಟೋ ತಲೆಮಾರು ಅಲ್ಲಿ ಅವನ್ನು ಬಲೆಯಿಂದ ಕಾಪಾಡಿದೆ. ಆದರೆ ಬಲೆ ಹಾಕದೆಯೂ ಒಂದು ಮೀನನ್ನು ಇಲ್ಲವಾಗಿಸಬಹುದು ಎಂಬ ಕಾಲದಲ್ಲಿ ನಾನು ಅಧ್ಯಾಯ ಬರೆಯುತ್ತಿದ್ದೇನೆ.

ಕರಡನ್ನು ಮತ್ತೆ ತೆರೆದು ಒಂದೊಂದೇ ‘ಮಹಶೀರ್’ ಹುಡುಕಿದೆ. ಕೆಲವೆಡೆ ನದಿಯ ಹೆಸರಿತ್ತು, ತೂಕವಿತ್ತು, ಬೆನ್ನಿನ ಆಕಾರದ ಬಗ್ಗೆ ಒಂದು ಮಾತಿತ್ತು. ಅಲ್ಲಿ ಇಂಥದೇ ಇರಬಹುದು ಎಂದು ಬರೆಯಲು ಸಾಧ್ಯವಾಯಿತು. ಬಹಳ ಕಡೆ ಸಾಧ್ಯವಾಗಲಿಲ್ಲ. ಅಲ್ಲೆಲ್ಲ ‘ಕಡತದಲ್ಲಿ ಮಹಶೀರ್ ಎಂದಷ್ಟೇ ಇದೆ, ಯಾವುದೆಂದು ತಿಳಿಯದು’ ಎಂದು ಅಡಿಟಿಪ್ಪಣಿ ಹಾಕಿದೆ. ‘ಅಂಕಿಅಂಶ, ಅನಗತ್ಯ’ ಎಂದು ದಾಟಿದ್ದ ಪುಟಗಳ ಪಟ್ಟಿ ಮಾಡಿಕೊಂಡಿದ್ದೇನೆ, ಮೂರು ನೋಟ್‌ಬುಕ್ಕಿನಷ್ಟಿದೆ. ಮುಂದಿನ ತಿಂಗಳು ಮತ್ತೆ ದಾಖಲೆ ಕೋಣೆಗೆ ಹೋಗಬೇಕು.